ಮೀನು ಕರಿಯುವ ಮುದುಕಿ ಹೇಳಿದ್ದು

ಅದು ಶುರುವಾದದ್ದು ಸಂಕ್ರಮಣ ಕಳೆದ ಮೇಲೆ, ಎರಡನೇ ಬೆಳೆಗೆ ಕಾಲುವೆಯಲ್ಲಿ ನೀರು ಬಂದಿದ್ದ ದಿನಗಳಲ್ಲಿ, ಬೆಳಕು ಹರಿದು ಬಿಸಿಲು ಇನ್ನೂ ಓಣಿಗೆ ಇಳಿಯದ ಹೊತ್ತಿನಲ್ಲಿ. ಗಂಗಾವತಿಯ ಕಾಲುವೆ ದಂಡೆಯ ಆ ಓಣಿಗೆ ನಸುಕಿಗೇ ಎರಡು ಸಣ್ಣ ಗೂಡ್ಸ್ ಟೆಂಪೋ ಗಾಡಿ ಬಂದು ನಿಲ್ಲುತ್ತಿದ್ದವು, ಭತ್ತದ ಸಸಿ ಹಚ್ಚುವ ಹೆಣ್ಣಾಳುಗಳನ್ನು ಗದ್ದೆಗೆ ಒಯ್ಯಲು. ಒಂದು, ಕರಿಯವ್ವನ ಎದುರು ಮನೆಯ ಹಸನಬೀಯ ಮಗ ತಾಹೇರನದು. ಇನ್ನೊಂದನ್ನು ಓಡಿಸುತ್ತಿದ್ದವನು ಕನಕರಾಜ, ತಳಕಲ್ಲಿನ ಹುಡುಗ. ಗಾಡಿ ಯಾರದೋ, ಕೈ ಮಾತ್ರ ಅವನದು. ಆಳುಗಳು ಇನ್ನೂ ಮನೆಯಿಂದ ಹೊರಬಿದ್ದಿರಲಿಲ್ಲ. ಮಾರೆಮ್ಮ ಒಬ್ಬಳೇ ಎಲ್ಲರಿಗಿಂತ ಮುಂಚೆ ಬಂದು, ಗಾಡಿಗಳಿಗೆ ಬೆನ್ನು ಹಾಕಿ, ರಸ್ತೆಗೆ ಕಾಲು ಚಾಚಿ, ಗಟಾರದ ಕಟ್ಟೆಯ ಮೇಲೆ ಕೂತು ಬುತ್ತಿಯ ಗಂಟು ಬಿಗಿಯುತ್ತಿದ್ದಳು. ಕರಿಯವ್ವ ತನ್ನ ಹೊಸ್ತಿಲಲ್ಲಿ ಕೌದಿ ಹರವಿಕೊಂಡು ಕೂತಿದ್ದಳು. ತಾಹೇರನ ಗಾಡಿ ಹಿಂದಕ್ಕೆ ಸರಿಯಿತು, ಸರಿಯಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಸರಿಯಿತು, ಮಾರೆಮ್ಮನ ಕಾಲ ಮೇಲೆ ಗಾಲಿ ಹತ್ತಿ ಇಳಿಯಿತು. ಆಮೇಲೆ ಗಾಡಿ ಮುಂದಕ್ಕೆ ಹೋಯಿತು, ತಿರುವಿನಲ್ಲಿ ಒಂದು ಗಳಿಗೆ ನಿಂತ ಹಾಗೆ ಮಾಡಿ, ಹೋಗಿಯೇ ಬಿಟ್ಟಿತು. ಹಿಂದೆ ನಿಂತಿದ್ದ ಕನಕರಾಜ ಇಳಿದು ಓಡಿಬಂದ. ಎಚ್ಚರ ತಪ್ಪಿದ್ದ ಮಾರೆಮ್ಮನನ್ನು ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ತನ್ನ ಗಾಡಿಯಲ್ಲಿ ಮಲಗಿಸಿ ದವಾಖಾನೆಗೆ ಒಯ್ದ. ರಕ್ತ ಅವನ ಗಾಡಿಯಲ್ಲಿ ಬಿತ್ತು, ಅವನ ಅಂಗಿಗೆ ಹತ್ತಿತು. ದವಾಖಾನೆ ಬಾಗಿಲಲ್ಲೇ ಮಾರೆಮ್ಮನ ಮಕ್ಕಳು ಅವನನ್ನು ಹಿಡಿದು ಹೊಡೆದರು. ಗಾಡಿ ಹಾಯಿಸಿದವನು ತಾನೇ ಎತ್ತಿಕೊಂಡು ಬರುತ್ತಾನೆಯೇ ಎಂದು ಆ ಗದ್ದಲದಲ್ಲಿ ಯಾರಿಗೂ ಹೊಳೆಯಲಿಲ್ಲ. ಹಿಂದೆಯೇ ಬಂದ ಪೊಲೀಸರು ಅವನನ್ನು ಠಾಣೆಗೆ ಒಯ್ದರು, ತಾನಲ್ಲ ಎಂಬ ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಅವತ್ತೇ ಹವಾಲ್ದಾರ ಓಣಿಗೆ ಬಂದು ಮನೆಮನೆಯಲ್ಲೂ ಕೇಳಿದ್ದ. ಕರಿಯವ್ವನ ಹೊಸ್ತಿಲ ಮುಂದೆ ನಿಂತಾಗ ಅವಳು ತಲೆ ಎತ್ತದೆ, ‘ನನಗೇನ್ ಕಾಣತೈತ್ರಿ ಸಾಹೇಬ್ರ, ಸೂಜಿ ಕಣ್ಣ ಕಾಣಂಗಿಲ್ಲ ನನಗ’ ಎಂದಿದ್ದಳು. ಸುತ್ತ ನಿಂತವರು ಹೌದೌದು ಎಂದು ನಕ್ಕಿದ್ದರು. ಕರಿಯವ್ವನ ಸೂಜಿಗೆ ದಾರ ಪೋಣಿಸುವುದು ಓಣಿಯಲ್ಲಿ ಹಸನಬೀಯ ಕೆಲಸ ಎಂದು ಎಲ್ಲರಿಗೂ ಗೊತ್ತು. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದೇ ಅವಳನ್ನು ಈಗ ಒಳಗೊಳಗೇ ಕೆರೆಯುತ್ತಿತ್ತು. ಸುಳ್ಳು ಹೇಳಿದ್ದರೆ ಕೆನ್ನೆ ಕೆನ್ನೆ ಬಡಕೊಂಡು ದೇವರ ಮುಂದೆ ಒಂದು ಕಾಯಿ ಒಡೆಯಬಹುದಿತ್ತು. ಖರೆ ಮಾತನ್ನೇ ಹೀಗೆ ಹಿಡಿದು ಅಡ್ಡ ನಿಲ್ಲಿಸಿದ್ದಕ್ಕೆ ಯಾವ ಕಾಯಿ ಒಡೆಯಬೇಕೋ ಅವಳಿಗೆ ತಿಳಿಯಲಿಲ್ಲ. ಕಣ್ಣಿನ ಡಾಕ್ಟರು ಹೇಳಿದ್ದರಲ್ಲ, ಅಜ್ಜಿ ನಿನಗೆ ಹತ್ತಿರದ್ದಷ್ಟೇ ಮಬ್ಬು, ದೂರದ್ದು ಹರೇದವರಿಗಿಂತ ಛಲೋ ಕಾಣತೈತಿ ಅಂತ. ಕೊಟ್ಟ ಕನ್ನಡಕ ಮೂಗಿನ ಮೇಲೆ ನಿಲ್ಲದೆ ಗೋಡೆಯ ಗೂಡಿನಲ್ಲಿ ಕೂತಿತ್ತು. ಅಂದಿನಿಂದ ಅವಳು ಗೂಡಿನ ಕಡೆ ನೋಡುವುದನ್ನೇ ಬಿಟ್ಟಿದ್ದಳು.

ಇವತ್ತು ಮಧ್ಯಾಹ್ನ ಉಂಡು ಕೈ ತೊಳೆದು ಅದೇ ಹೊಸ್ತಿಲಲ್ಲಿ ಕೂತಿದ್ದಾಗ ಯಾರೋ ಹೆಂಗಸು ಬಂದು, ‘ಯವ್ವಾ, ಒಂದ್ ತಂಬಗಿ ನೀರ ಕೊಡ್ತೀಯೇನು?’ ಎಂದಳು. ಕಾಲಿಗೆ ಮಣ್ಣು, ಸೆರಗಿನ ತುದಿಯಲ್ಲಿ ಗಂಟು. ಕರಿಯವ್ವ ನೀರು ತಂದುಕೊಟ್ಟಳು. ಹೆಂಗಸು ನಿಂತೇ ಗಟಗಟ ಕುಡಿದು, ತಂಬಿಗೆಯನ್ನು ಅಲ್ಲಿಯೇ ತೊಳೆದು, ಬೋರಲು ಹಾಕಿ ಇಟ್ಟಳು. ಊರು ಯಾವುದವ್ವ ಅಂದರೆ ತಳಕಲ್ಲು ಅಂದಳು. ಹೆಸರು ಹುಲಗಮ್ಮ. ‘ನನ್ನ ಮಗ ಠಾಣ್ಯಾಗ ಕುಂತಾನ. ನಾಳೆ ಕೋರ್ಟಿಗೆ ಕಾಗದ ಹೊಕ್ಕೈತಂತ. ಕಾಗದದಾಗ ಆತನ ಹೆಸರ ಬಂತಂದ್ರ ಮುಂದ ಯಾರೂ ಕೈಯಾಗ ಗಾಡಿ ಕೊಡಂಗಿಲ್ಲವ್ವ. ಗಾಡಿ ಬಿಟ್ಟು ಆತಗ ಏನೂ ಬರಂಗಿಲ್ಲ.’ ಇಷ್ಟು ಹೇಳಿ ಅವಳು ಕೌದಿಯನ್ನು ನೋಡಿದಳು. ಹೊಲಿಗೆಯ ಸಾಲಿನ ಮೇಲೆ ಬೆರಳಾಡಿಸಿ, ‘ಭಾಳ ಸಣ್ಣ ಹೊಲಿಗಿ ಹಾಕಿಯವ್ವ, ಕೈ ಛಲೋ ಐತಿ ನಿನ್ನದು’ ಅಂದಳು. ನೀನು ನೋಡಿದೆಯಾ ಎಂದು ಕೇಳಲಿಲ್ಲ. ಓಣಿಯವರ ಮೇಲೆ ಒಂದು ಮಾತೂ ಆಡಲಿಲ್ಲ. ಸುಡುವ ಬಿಸಿಲಲ್ಲಿ ಠಾಣೆಯ ದಾರಿ ಹಿಡಿದು ಹೋದಳು. ಅವಳು ಬೈದಿದ್ದರೆ, ಮಣ್ಣು ತೂರಿ ಶಾಪ ಹಾಕಿದ್ದರೆ, ಕರಿಯವ್ವ ಬಾಗಿಲು ಹಾಕಿಕೊಂಡು ಒಳಗೆ ಹೋಗುತ್ತಿದ್ದಳು. ಈ ಹೊಗಳಿಕೆಯನ್ನು ಎಲ್ಲಿ ಇಡುವುದು? ಬೋರಲು ಇಟ್ಟ ತಂಬಿಗೆಯಿಂದ ನೀರು ಸಣ್ಣಗೆ ಹೊರಬಂದು ಕಲ್ಲಿನ ಮೇಲೆ ಹರಡುವುದನ್ನೇ ನೋಡುತ್ತ ಕೂತಳು.

ಕೌದಿ ಹಸನಬೀಯ ಮಗಳು ಉಜ್ಮಾಳಿಗೆ. ಉಜ್ಮಾ ಕುಷ್ಟಗಿಗೆ ಕೊಟ್ಟ ಹುಡುಗಿ, ದಿನ ತುಂಬುತ್ತ ಬಂದಿತ್ತು. ಹುಟ್ಟುವ ಕೂಸಿಗೆ ಹಾಸಲು ಹೊದೆಸಲು ಒಂದು ಕೌದಿ ಹಾಕಿಕೊಡಕ್ಕ ಎಂದು ಹಸನಬೀ ಹಳೆಯ ಬಟ್ಟೆಯ ಗಂಟೊಂದನ್ನು ತಂದಿಟ್ಟಿದ್ದಳು. ಅದರಲ್ಲಿ ಅವಳ ಹಳೆಯ ಹಸಿರು ಸೀರೆಯಿತ್ತು, ಉಜ್ಮಾಳ ಲಂಗವಿತ್ತು, ತಾಹೇರ ಶಾಲೆಗೆ ಹೋಗುವಾಗಿನ ನೀಲಿ ಅಂಗಿಯೂ ಇತ್ತು. ಆ ಅಂಗಿಯ ಬೆನ್ನಿನ ತುಂಡನ್ನು ಕರಿಯವ್ವ ಕೌದಿಯ ನಡುವಿಗೆ ಹಚ್ಚಿದ್ದಳು, ಮಾರೆಮ್ಮನ ಕಾಲು ಮುರಿಯುವ ಮೊದಲೇ. ಈಗ ಸೂಜಿ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿತ್ತು. ಈ ಅಂಗಿ ಹಾಕಿಕೊಂಡು ತಾಹೇರ ಅವಳ ಒಲೆಯ ಮುಂದೆ ಕೂತು ಬಿಸಿ ರೊಟ್ಟಿಗೆ ಶೇಂಗಾದ ಚಟ್ನಿ ಹಚ್ಚಿಕೊಂಡು ತಿಂದಿದ್ದ. ‘ದೊಡ್ಡವ್ವ, ಇನ್ನೊಂದ ಹಾಕು’ ಅನ್ನುತ್ತಿದ್ದ. ದೊಡ್ಡವನಾಗಿ ಗಾಡಿ ತಂದ ದಿನ ಮೊದಲು ಅವಳನ್ನೂ ತಾಯಿಯನ್ನೂ ಕೂರಿಸಿಕೊಂಡು ಇಟಗಿಯ ಗುಡಿಯವರೆಗೆ ಹೋಗಿ ಬಂದಿದ್ದ. ಹಿಂದೆ ತೆರೆದ ಗಾಡಿಯಲ್ಲಿ ಇಬ್ಬರೂ ಕಾಲು ಚಾಚಿಕೊಂಡು ಕೂತು ಗಾಳಿಗೆ ಸೆರಗು ಹಿಡಿಯಲಾರದೆ ನಕ್ಕಿದ್ದೇ ನಕ್ಕಿದ್ದು. ಅಂಥ ಹುಡುಗ. ಹೋದ ವಾರದಿಂದ ಅವನು ಓಣಿಯಲ್ಲಿ ನಡೆಯುವಾಗ ಅವಳ ಹೊಸ್ತಿಲ ಕಡೆ ನೋಡುತ್ತಿರಲಿಲ್ಲ. ಅವಳೂ ನೋಡುತ್ತಿರಲಿಲ್ಲ. ಇಬ್ಬರ ನೋಟಗಳೂ ಒಂದೇ ಗಟಾರದ ಕಟ್ಟೆಯನ್ನು ತಪ್ಪಿಸಿಕೊಂಡು ಹೋಗುತ್ತಿದ್ದವು.

‘ಅಕ್ಕಾ, ಬರಂಗಿಲ್ಲೇನ? ಫೌಜದಾರವ್ವ ಬಂದಾಳ!’ ಎಂದು ಹಸನಬೀ ಎದುರು ಬಾಗಿಲಿಂದ ಕೂಗಿದಳು.

ಫೌಜದಾರವ್ವ ಅಂದರೆ ಟೀವಿಯ ಧಾರಾವಾಹಿಯಲ್ಲಿ ಬರುವ ಪೊಲೀಸ್ ಹೆಂಗಸು. ಕಪ್ಪು ಬಣ್ಣ, ಗುಂಗುರು ಕೂದಲು, ನಕ್ಕರೆ ಹಲ್ಲೆಲ್ಲ ಬೆಳ್ಳಗೆ ಕಾಣುತ್ತಿದ್ದವು, ಆದರೆ ನಗುವುದೇ ಅಪರೂಪ. ಆ ಹೆಸರು ಕರಿಯವ್ವನೇ ಇಟ್ಟದ್ದು. ಸುತ್ತ ಸಮುದ್ರ, ನಡುವೆ ಊರು, ತೆಂಗಿನ ಗಿಡ, ತಗಡಿನ ಮಾಡು, ಕಬ್ಬಿನ ಹೊಲ. ಅಲ್ಲಿ ಒಂದು ಖೂನಿಯಾಗುತ್ತದೆ, ಫೌಜದಾರವ್ವ ಹುಡುಕುತ್ತಾಳೆ. ಅದು ಯಾವ ದೇಶವೇ ಎಂದು ಕೇಳಿದ್ದಕ್ಕೆ ಹಸನಬೀಯ ಸೊಸೆ, ತಾಹೇರನ ಹೆಂಡತಿ ಖುಷ್ಬು, ‘ಕೆರಿಬಿಯನ್ ಅಂತಾರ ದೊಡ್ಡವ್ವ, ಕ್ರಿಕೆಟ್ ಆಡ್ತಾರಲ್ಲ, ವೆಸ್ಟ್ ಇಂಡೀಸದವರು, ಅವರ ಕಡೀದು. ಇದಕ್ಕ ಹಿಂದಿ ಮಾತು ಕೂಡಿಸ್ಯಾರ’ ಎಂದಿದ್ದಳು. ಕರಿಯವ್ವನಿಗೆ ಹಿಂದಿಯ ಗಂಧವಿಲ್ಲ. ಹಸನಬೀಗೆ ಮನೆಯ ಮಾತೇ ಅದಕ್ಕೆ ಹತ್ತಿರದ್ದು. ಅವಳು ಕೇಳಿ ಕೇಳಿ ಕನ್ನಡದಲ್ಲಿ ಹೇಳುತ್ತ ಹೋಗುತ್ತಿದ್ದಳು. ಹೇಳುವುದೆಂದರೆ ಟೀವಿಯವರು ಆಡಿದ್ದನ್ನು ಆಡಿದ ಹಾಗೇ ಒಪ್ಪಿಸುವವಳಲ್ಲ. ನಮ್ಮ ಹಿಂದಿನ ಓಣಿಯಲ್ಲೇ ನಡೆದದ್ದೇನೋ ಎಂಬ ಹಾಗೆ, ‘ನೋಡಕ್ಕ, ಈತ ಗಂಡ ಅಲ್ಲ, ಮೈದುನ. ಈತನ ಮಾರಿ ನೋಡಿದ್ರನ ತಿಳೀತೈತಿ, ಉಂಡ ಮನಿಗೆ ಹೇಸಿಗಿ ಮಾಡಾವ’ ಎಂದು ನಡುವೆ ತನ್ನದೂ ನಾಕು ಸೇರಿಸಿ, ಬೈಯುವಲ್ಲಿ ಬೈದು, ಅಳುವಲ್ಲಿ ಮೂಗು ಒರೆಸಿಕೊಂಡು ಹೇಳುವಳು. ಹೇಳುತ್ತಲೇ ಕರಿಯವ್ವನ ಸೂಜಿಗಳಿಗೆ ದಾರ ಪೋಣಿಸಿ ಸಾಲಾಗಿ ಕೌದಿಯ ಅಂಚಿಗೆ ಚುಚ್ಚಿಡುವಳು.

ಗಂಡ ಪಂಪಾಪತಿ ಸತ್ತ ವರ್ಷ ಕರಿಯವ್ವ ಮಾತನ್ನೇ ಬಿಟ್ಟಿದ್ದಳು. ಕೂಲಿಗೆ ಹೋಗುವ ಮಗಳು ಗಂಗಾ ಬೆಳಿಗ್ಗೆ ಹೋದರೆ ಸಂಜೆ ಬರುವಳು, ನಡುವಿನ ಹೊತ್ತು ಬಾವಿಯ ಹಾಗೆ. ಬಂದವರೆಲ್ಲ ಹೀಗೆ ಕೂಡಬಾರದವ್ವ, ದೇವರ ಧ್ಯಾನ ಮಾಡು ಎಂದು ಬುದ್ಧಿ ಹೇಳಿ ಹೋಗುತ್ತಿದ್ದರು. ಹಸನಬೀ ಮಾತ್ರ ಒಂದು ಮಧ್ಯಾಹ್ನ ಬಂದು ಕೈ ಹಿಡಿದು ಎಬ್ಬಿಸಿ, ‘ಬಾರಕ್ಕ, ಅಲ್ಲಿ ಯಾರನ್ನೋ ಕೊಂದಾರ, ಯಾರ ಕೊಂದ್ರು ನೋಡೂಣು’ ಎಂದು ಎಳೆದುಕೊಂಡು ಹೋಗಿದ್ದಳು. ಅಂದಿನಿಂದ ಇದು ರೂಢಿ. ಒಳಗೆ ಬಾ ಎಂದು ಎಷ್ಟು ಕರೆದರೂ ಕರಿಯವ್ವ ಹಸನಬೀಯ ಹೊಸ್ತಿಲಲ್ಲೇ ಗೋಡೆಗೆ ಒರಗಿ ಕೂಡುವಳು. ಹತ್ತಿರ ಹೋದರೆ ಟೀವಿ ಮಬ್ಬು, ಹೊಸ್ತಿಲಿಂದ ನಿಚ್ಚಳ. ಒಮ್ಮೆ ಸಮುದ್ರದ ಆಚೆ ದಂಡೆಯ ಕಂಬದ ಮೇಲೆ ಸಣ್ಣ ಚುಕ್ಕೆಯೊಂದು ಅಲ್ಲಾಡಿದ್ದಕ್ಕೆ, ‘ಹಸನವ್ವಾ, ಅಕಾ ಅಲ್ಲಿ ಹಕ್ಕಿ ಕುಂತೈತಿ’ ಎಂದಿದ್ದಳು. ಹಸನಬೀ ಎದ್ದು ಹೋಗಿ ಟೀವಿಗೆ ಮೂಗು ತಾಗಿಸಿ ನೋಡಿ, ‘ಹೌದವ್ವ, ಐತಿ! ಹದ್ದಿನ ಕಣ್ಣ ನಿನ್ನವು’ ಎಂದು ಬೆರಗಾಗಿದ್ದಳು. ಈಗ ಆ ಮಾತು ನೆನಪಾಗಿ ಕರಿಯವ್ವನ ಬೆನ್ನ ಮೇಲೆ ಇರುವೆ ಹರಿದ ಹಾಗಾಯಿತು. ಹವಾಲ್ದಾರನ ಮುಂದೆ ಸೂಜಿಯ ಕಣ್ಣು ಕಾಣುವುದಿಲ್ಲ ಎಂದು ಹೇಳಿದಾಗ ಎಲ್ಲರೂ ನಕ್ಕಿದ್ದರಲ್ಲ, ಹಸನಬೀ ನಕ್ಕಿದ್ದಳೇ? ಮುಖ ಎತ್ತಿ ನೋಡಲಿಲ್ಲವಾದ್ದರಿಂದ ಅದು ಅವಳಿಗೆ ಗೊತ್ತಿರಲಿಲ್ಲ.

ಕೌದಿ ಕಂಕುಳಿಗೆ ಇಟ್ಟುಕೊಂಡು ಹೋಗಿ ಕೂತಳು. ಹಸನಬೀ ಸೂಜಿಗಳನ್ನು ಇಸಿದುಕೊಂಡಳು. ಅವಳ ಕಣ್ಣ ಕೆಳಗೆ ಕಪ್ಪು ಬಂದಿತ್ತು. ಖುಷ್ಬು ಒಳಗೆ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದಳು. ತಾಹೇರ ಒಳಕೋಣೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದ, ಪಾದಗಳಷ್ಟೇ ಕಾಣುತ್ತಿದ್ದವು. ಟೀವಿಯಲ್ಲಿ ಕತೆ ಒಂದು ಘಟ್ಟಕ್ಕೆ ಬಂದಿತ್ತು. ಸಮುದ್ರದ ಕಟ್ಟೆಯ ಮೇಲೆ ಒಬ್ಬ ಹುಡುಗ ಸತ್ತಿದ್ದ. ಬಡ ಬೆಸ್ತರವನೊಬ್ಬನನ್ನು ಹಿಡಿದು ಒಳಗೆ ಹಾಕಿದ್ದರು. ಕಟ್ಟೆಯ ಎದುರು ದೊಡ್ಡ ಬುಟ್ಟಿಯಂಥ ಬಾಣಲೆ ಇಟ್ಟುಕೊಂಡು ಮೀನು ಕರಿದು ಮಾರುವ ಮುದುಕಿಯೊಬ್ಬಳು ಅಲ್ಲೇ ಇದ್ದಳು, ತಲೆಗೆ ಹೂವಿನ ಬಟ್ಟೆ ಸುತ್ತಿಕೊಂಡವಳು. ಕೊಂದವನು ಆ ಮುದುಕಿಯ ಜೀವದ ಗೆಳತಿಯ ಮಗ. ನೋಡುವವರಿಗೆ ಅದು ಗೊತ್ತು, ಫೌಜದಾರವ್ವನಿಗೆ ಗೊತ್ತಿಲ್ಲ. ಇದನ್ನು ಹಸನಬೀಯೇ ನಿನ್ನೆ ಮೊನ್ನೆ ಹೇಳಿದ್ದಳು, ಹೇಳುವಾಗ ಅವಳ ದನಿ ಎಲ್ಲಿಯೂ ತಡವರಿಸಿರಲಿಲ್ಲ. ಕರಿಯವ್ವನೇ ಕೇಳಲಾರದೆ, ಮಗಳು ಬರುವ ಹೊತ್ತಾಯಿತೆಂದು ನಡುವೆ ಎದ್ದು ಹೋಗಿದ್ದಳು. ಇವತ್ತು ಏಳಲು ಆಗಲಿಲ್ಲ. ಫೌಜದಾರವ್ವ ಬಂದು ಮುದುಕಿಯ ಎದುರಿನ ಮಣೆಯ ಮೇಲೆ ಕೂತಳು. ಏನೋ ಕೇಳಿದಳು. ಎಣ್ಣೆ ಕೊತಕೊತ ಕುದಿಯುತ್ತಿತ್ತು. ಮುದುಕಿ ಕೈಯಲ್ಲಿದ್ದ ಜಾಲರಿ ಸೌಟನ್ನು ಕೆಳಗಿಟ್ಟು, ಫೌಜದಾರವ್ವನ ಮುಖ ನೋಡಿ ಮಾತಾಡತೊಡಗಿದಳು. ಒಂದೇ ಸವನೆ, ಮೆಲ್ಲಗೆ, ಬಹಳ ಹೊತ್ತು.

ಹಸನಬೀ ಸುಮ್ಮನಿದ್ದಳು. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡುತ್ತಿದ್ದವಳು ಹಾಗೇ ಹಿಡಿದುಕೊಂಡಿದ್ದಳು.

‘ಏನಂತಾಳ?’ ಎಂದಳು ಕರಿಯವ್ವ. ತನ್ನ ದನಿ ತನಗೇ ಬೇರೆಯವರದೆನಿಸಿತು.

‘ಏನಂತಾಳಂದ್ರ...’ ಹಸನಬೀ ಸೂಜಿಯ ಕಣ್ಣಿನಲ್ಲಿ ದಾರ ತೂರಿಸಿ, ಎಳೆದು, ಗಂಟು ಹಾಕಿದಳು. ‘ನಾ ನೋಡೀನಿ ಅಂತಾಳಕ್ಕ. ನನ್ನ ಗೆಳತಿ ಮಗ ಅದಾನ, ನನ್ನ ಕೈಯಾರ ಉಣಿಸಿ ಬೆಳಿಸಿದ ಹುಡುಗ. ಬ್ಯಾರೇದವರ ಮಗನ್ನ ಹಿಂಗ ಸುಮ್ನ ಠಾಣ್ಯಾಗ ಕುಂದ್ರಿಸಿದ್ರ ನಮ್ಮ ಹುಡುಗ ಉಂಡದ್ದು ಮೈಗಿ ಹತ್ತಂಗಿಲ್ಲ ಅಂತಾಳ. ಇವತ್ತ ಹೇಳಲಿಲ್ಲಂದ್ರ ಆತ ದಿನಾ ಒಂದೀಟ ಒಂದೀಟ ಸಾಯ್ತಾನ, ಆತನ ಅವ್ವನೂ ಸಾಯ್ತಾಳ ಅಂತಾಳ.’

ಟೀವಿಯಲ್ಲಿ ಫೌಜದಾರವ್ವ ಎದ್ದಳು. ಮುದುಕಿಯ ಹೆಗಲ ಮೇಲೆ ಕೈಯಿಟ್ಟು, ಹೊರಟುಹೋದಳು. ಆಮೇಲೆ ಬಿಸಿಲು ಇಳಿದ ಸಮುದ್ರ. ಮುದುಕಿಯ ಗೆಳತಿ ದೂರದಿಂದ ನಡೆದುಬಂದಳು, ಬಿಳಿಯ ಟೊಪ್ಪಿಗೆ ಹಾಕಿಕೊಂಡ ತೆಳ್ಳನೆಯ ಹೆಂಗಸು. ಬಂದು ಮುದುಕಿಯ ಪಕ್ಕದಲ್ಲಿ ಕೂತಳು. ಮುದುಕಿ ಒಂದು ಮೀನನ್ನು ಕಾಗದದಲ್ಲಿಟ್ಟು ಕೊಟ್ಟಳು. ಗೆಳತಿ ಅದನ್ನು ಮುರಿದು ಅರ್ಧ ಅವಳಿಗೇ ತಿರುಗಿ ಕೊಟ್ಟಳು. ಇಬ್ಬರೂ ಸಮುದ್ರ ನೋಡುತ್ತ ತಿಂದರು. ಏನೂ ಮಾತಿರಲಿಲ್ಲ, ಗಾಳಿಯ ಸಪ್ಪಳವೊಂದೇ.

‘ಆಕಿ ಸಿಟ್ಟಾಗಲಿಲ್ಲೇನು?’ ಎಂದಳು ಕರಿಯವ್ವ.

‘ಯಾಕ ಸಿಟ್ಟಾಗಬೇಕು? ತಾಯಿ ಬಾಯಿಲೆ ಹೇಳಾಕ ಬರಂಗಿಲ್ಲ. ನಾಲಿಗಿನ ಹೊಳ್ಳಂಗಿಲ್ಲ. ಗೆಳತಿ ಹೇಳಿದ್ಲು, ಭಾರ ಇಳಿಸಿದ್ಲು. ಅದಕ್ಕ ಬಂದು ಕುಂತಾಳ,’ ಎಂದಳು ಹಸನಬೀ. ದಾರ ಪೋಣಿಸಿದ ಸೂಜಿಯನ್ನು ಕೌದಿಯ ಅಂಚಿಗೆ ಚುಚ್ಚಿ, ಕರಿಯವ್ವನ ಮುಖ ನೋಡದೆ ಟೀವಿ ಆರಿಸಿದಳು. ಒಳಗೆ ಪಾತ್ರೆಯ ಸಪ್ಪಳ ಯಾವಾಗಲೋ ನಿಂತಿತ್ತು.

ಮನೆಗೆ ಬಂದು ಕೂತರೂ ಕರಿಯವ್ವನಿಗೆ ಕೂತ ಹಾಗಾಗಲಿಲ್ಲ. ಆ ಮುದುಕಿ ಸೌಟು ಕೆಳಗಿಟ್ಟ ರೀತಿ ಕಣ್ಣ ಮುಂದಿನಿಂದ ಹೋಗಲೊಲ್ಲದು. ಎಲ್ಲಿಯ ಸಮುದ್ರ, ಎಲ್ಲಿಯ ಮೀನು; ತಾನು ನೋಡಿದ ದೊಡ್ಡ ನೀರೆಂದರೆ ಹನುಮನಹಳ್ಳಿಯ ಹತ್ತಿರದ ಹೊಳೆ. ಆದರೂ ಆ ಮುದುಕಿಗೆ ಹೆದರಿಕೆಯಾದದ್ದು ತನಗಾದ ಹೆದರಿಕೆಯೇ. ನಾಳೆಯಿಂದ ಯಾರ ಮನೆಯ ಹೊಸ್ತಿಲಲ್ಲಿ ಕೂಡಲಿ? ಅದೇ ಹೆದರಿಕೆ, ಬೇರೆ ಏನೂ ಅಲ್ಲ. ಪೊಲೀಸರದಲ್ಲ, ಜನರದೂ ಅಲ್ಲ. ನಾಳೆ ಮಧ್ಯಾಹ್ನ ಊಟವಾದ ಮೇಲೆ ‘ಬಾರಕ್ಕ’ ಎಂದು ಯಾರೂ ಕೂಗದೇ ಹೋದರೆ ಎಂಬುದು. ಅಷ್ಟು ಸಣ್ಣದಕ್ಕೆ ಒಬ್ಬ ತಾಯಿಯ ಮಗನನ್ನು ಠಾಣೆಯಲ್ಲಿ ಕೂರಿಸಿದ್ದೆನಲ್ಲ ಎಂದು ಅವಳಿಗೆ ತನ್ನ ಮೇಲೆ ನಾಚಿಕೆಯಾಯಿತು. ಆದರೆ ಅದು ಸಣ್ಣದು ಹೇಗೆ? ಅವಳಿಗೆ ಇದ್ದದ್ದೇ ಅದು.

ಬಿಸಿಲು ತಗ್ಗುವ ಹೊತ್ತಿಗೆ ಹವಾಲ್ದಾರ ಬಂದ. ಕಾಗದ ಕಳಿಸುವ ಮುಂಚೆ ಕೊನೆಯದಾಗಿ ಒಮ್ಮೆ ಕೇಳಿ ಹೋಗಲು ಬಂದದ್ದು. ಜನ ಕೂಡಿದರು. ಹುಲಗಮ್ಮ ಠಾಣೆಯಿಂದ ಅವನ ಹಿಂದೆಯೇ ನಡೆದು ಬಂದು ಬೇವಿನ ಗಿಡದ ಕೆಳಗೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಕರಿಯವ್ವ ಕೌದಿಯನ್ನು ಎದೆಗೆ ಅವಚಿಕೊಂಡೇ ಎದ್ದು ಬಂದಳು. ಅದನ್ನು ಎಲ್ಲಿ ಇಡಬೇಕೆಂದು ಅವಳಿಗೆ ತೋಚಿರಲಿಲ್ಲ.

‘ಸಾಹೇಬ್ರ, ನಾ ನೋಡೀನ್ರಿ,’ ಎಂದಳು. ‘ಆ ತಳಕಲ್ಲಿನ ಹುಡುಗ ಎತ್ತಿಗೊಂಡು ಹೋದಾತ. ಗಾಲಿ ಹಾಯ್ಸಿದ್ದು... ಗಾಲಿ ಹಾಯ್ಸಿದ್ದು ನಮ್ಮ ತಾಹೇರನ ಗಾಡಿ.’

 ಯಾರೋ ನಕ್ಕರು. ಹವಾಲ್ದಾರನೂ ಮುಗುಳ್ನಕ್ಕ. ‘ಏ ಆಯಿ, ಅವತ್ತ ಸೂಜಿ ಕಣ್ಣ ಕಾಣಂಗಿಲ್ಲ ಅಂದಿ. ಇವತ್ತ ಓಣಿ ತುದಿ ಗಾಡಿ ಕಾಣಸ್ತೇನು? ರಾತ್ರಿ ಕನಸಿನ್ಯಾಗ ಬಂದಿತ್ತೇನೋ!’ ಮತ್ತೆ ನಗೆ. ‘ತಳಕಲ್ಲಿನಾಕಿ ಬಂದು ಕಿವಿ ಊದ್ಯಾಳ,’ ಎಂದು ಹಿಂದಿನಿಂದ ಒಂದು ದನಿ. ‘ಕಡೀಕ ತಮ್ಮ ಮಂದಿ ಕಡೀಗೆ ಹೋದ್ಲು ನೋಡು,’ ಎಂದು ಇನ್ನೊಂದು. ಕರಿಯವ್ವನ ಕಿವಿ ಸುಟ್ಟಿತು.  ತಾನೇ ನೇಯ್ದ ಮಾತಿನ ಬಲೆ ಇದು, ಬಿಡಿಸುವುದು ಹೇಗೆ? ಹತ್ತಿರದ್ದು ಕಾಣುವುದಿಲ್ಲ, ದೂರದ್ದು ಕಾಣುತ್ತದೆ ಎಂದರೆ ಯಾರು ನಂಬುತ್ತಾರೆ, ಹುಚ್ಚು ಮುದುಕಿಯ ಮಾತಿನ ಹಾಗೆ ಕೇಳಿಸುತ್ತದೆ. ಹವಾಲ್ದಾರ ಆಗಲೇ ಹೊರಡಲು ತಿರುಗಿದ್ದ. ಬೇವಿನ ಗಿಡದ ಕೆಳಗೆ ಹುಲಗಮ್ಮ ಎದ್ದು ನಿಂತಿದ್ದಳು.

‘ಕಾಣತಾವ್ರಿ ಆಕಿ ಕಣ್ಣು.’

ಹಸನಬೀ. ತನ್ನ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಸೆರಗು ತಲೆಯ ಮೇಲೆ ಸರಿಯಾಗಿಯೇ ಇತ್ತು, ಮತ್ತೆ ಮತ್ತೆ ಎಳೆದುಕೊಳ್ಳುತ್ತಿದ್ದಳು.

‘ಹತ್ರದ್ದಷ್ಟ ಕಾಣಂಗಿಲ್ರಿ ಸಾಹೇಬ್ರ. ದೂರದ್ದು ನಿಚ್ಚಳ ಕಾಣತೈತಿ. ದಿನಾ ನನ್ನ ಹೊಚ್ಚಲದಾಗ ಕುಂತು ಟೀವಿ ನೋಡ್ತಾಳ್ರಿ. ಸಮುದ್ರದ ಆ ದಂಡಿಗೆ ಹಕ್ಕಿ ಕುಂತ್ರ ನನಗಿಂತ ಮೊದಲ ಆಕಿ ಹೇಳ್ತಾಳ. ಆಕಿ ನೋಡೀನಿ ಅಂದ್ರ ನೋಡ್ಯಾಳ. ಬೇಕಾದ್ರ ಅಕಾ, ಕಾಲವಿ ಆಚಿ ಕಂಬದ ಮ್ಯಾಲ ಏನೈತಿ ಕೇಳ್ರಿ.’

ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಹೆತ್ತ ತಾಯಿಯೇ ಹೇಳಿದ ಮೇಲೆ ಇನ್ನೇನಿದೆ. ಖುಷ್ಬು ಒಳಗಿನಿಂದ ತಮ್ಮ ಮಾತಿನಲ್ಲಿ ಏನೋ ಚೀರಿದಳು. ಆಮೇಲೆ ತಾಹೇರ ತಾಯಿಯ ಹಿಂದಿನಿಂದ ಹೊರಗೆ ಬಂದ. ನಿದ್ದೆಯಿಂದ ಎದ್ದವನ ಹಾಗಿದ್ದ. ಗಾಡಿಯ ಕೀಲಿಯನ್ನು ಹವಾಲ್ದಾರನ ಕೈಗೆ ಕೊಟ್ಟು, ‘ನಾನ ರೀ,’ ಎಂದ. ‘ತಿರುವಿನ್ಯಾಗ ಕನ್ನಡ್ಯಾಗ ನೋಡೀನಿ. ಕಾಲು ಬ್ರೇಕಿನ ಮ್ಯಾಲ ಇತ್ತು. ಒತ್ತಾಕ ಆಗಲಿಲ್ಲ.’ ಕರಿಯವ್ವನ ಮುಂದೆ ಹಾದು ಹೋಗುವಾಗ ಅವನು ಕೌದಿಯ ನಡುವಿನ ನೀಲಿ ತುಂಡನ್ನು ನೋಡಿದ. ಗುರುತು ಹಿಡಿದನೋ ಇಲ್ಲವೋ. ‘ದೊಡ್ಡವ್ವ,’ ಎಂದ, ಅಷ್ಟೇ. ಆ ಮಾತಿನಲ್ಲಿ ಸಿಟ್ಟಿತ್ತೇ ಎಂದು ಅವಳು ಎಷ್ಟು ಹುಡುಕಿದರೂ ಸಿಗಲಿಲ್ಲ. ಹುಲಗಮ್ಮ ಅವಳ ಹತ್ತಿರ ಬಂದು ಕಾಲಿಗೆ ಬೀಳಲು ಬಗ್ಗಿದಳು. ಕರಿಯವ್ವ ಗಾಬರಿಯಾಗಿ ಹಿಂದೆ ಸರಿದು, ‘ನನಗಲ್ಲವ್ವ, ಆಕಿಗೆ’ ಎಂದು ಎದುರು ಮನೆಯ ಕಡೆ ಕೈ ಮಾಡಿದಳು. ಬಾಗಿಲಲ್ಲಿ ಆಗ ಯಾರೂ ಇರಲಿಲ್ಲ.

ಓಣಿ ಖಾಲಿಯಾದ ಮೇಲೆ, ಇನ್ನೂ ಬೆಳಕಿರುವಾಗಲೇ, ಹಸನಬೀ ಬಂದಳು. ಬಂದು ಕರಿಯವ್ವನ ಹೊಸ್ತಿಲಲ್ಲಿ ಪಕ್ಕಕ್ಕೆ ಕೂತಳು. ಕರಿಯವ್ವ ಒಳಗೆ ಹೋಗಿ ಒಂದು ರೊಟ್ಟಿಗೆ ಚಟ್ನಿ ಹಚ್ಚಿ ತಂದುಕೊಟ್ಟಳು. ಹಸನಬೀ ಅದನ್ನು ಮುರಿದು ಅರ್ಧ ಅವಳಿಗೆ ಕೊಟ್ಟಳು. ಇಬ್ಬರೂ ಓಣಿ ನೋಡುತ್ತ ತಿಂದರು.  ಈ ಋಣವನ್ನು ಯಾವ ಬಾಯಿಂದ ಹೇಳುವುದು ಎಂದುಕೊಂಡಳು ಕರಿಯವ್ವ. ಟೀವಿಯಲ್ಲಿ ಏನೂ ಮಾತಿರಲಿಲ್ಲ ಎಂಬುದು ನೆನಪಾಗಿ ತಾನೂ ಸುಮ್ಮನಾದಳು.

ಕನಕರಾಜ ಮರುದಿನ ತಾಯಿಯ ಜೊತೆ ಊರಿಗೆ ಹೋದ, ಆಮೇಲೆ ತಿರುಗಿ ಬಂದು ಅದೇ ಗಾಡಿ ಹಿಡಿದ. ತಾಹೇರನ ಮೇಲೆ ಕೇಸಾಯಿತು, ಜಾಮೀನಿನ ಮೇಲೆ ಬಂದ. ಗಾಡಿ ಬಿಡಿಸಿಕೊಂಡ ಮೇಲೆ ಅವನೇ ಮಾರೆಮ್ಮನನ್ನು ಪಟ್ಟಿ ಬದಲಿಸಲು ದವಾಖಾನೆಗೆ ಒಯ್ದು ಕರೆತರುತ್ತಿದ್ದ. ಮೊದಲು ಮಾರೆಮ್ಮ ಅವನ ಗಾಡಿ ಹತ್ತುವುದಿಲ್ಲ ಎಂದು ಹಟ ಹಿಡಿದಳು, ಆಮೇಲೆ ಹತ್ತಿದಳು, ಹತ್ತಿ ದಾರಿಯುದ್ದಕ್ಕೂ ಬೈದಳು, ಅವನು ಕೇಳಿಸಿಕೊಳ್ಳುತ್ತ ಓಡಿಸಿದ. ಅನ್ನ ಸೇರುತ್ತಿಲ್ಲವೆಂದು ಮಲಗಿದ್ದವನು ಈಗ ಉಣ್ಣುತ್ತಾನೆ ಎಂದು ಹಸನಬೀ ಒಂದು ದಿನ ತಾನಾಗಿಯೇ ಹೇಳಿದಳು. ಆದರೆ ಖುಷ್ಬು ಅತ್ತೆಯೊಂದಿಗೆ ಮಾತು ಬಿಟ್ಟಿದ್ದಳು. ಕರಿಯವ್ವನಿಗೆ ಅವಳು ಸಿಕ್ಕದ್ದು ನಳದ ಹತ್ತಿರ.

‘ಭಾಳ ಛಲೋ ಸಾಕ್ಷಿ ಹೇಳಿದಿ ದೊಡ್ಡವ್ವ,’ ಎಂದಳು ಖುಷ್ಬು, ಕೊಡ ತುಂಬುವುದನ್ನೇ ನೋಡುತ್ತ. ‘ಟೀವಿಯಾಗಿನ ಮುದುಕಿ ಹೇಳಿದ್ಲು ಅಂತ ಹೇಳಿದೇನು? ಆಕಿ ಏನ್ ಹೇಳಿದ್ಲು ಗೊತ್ತೈತೇನು ನಿನಗ?’

‘ನೋಡೀನಿ ಅಂದ್ಲಲ್ಲ.’

‘ಎಲ್ಲಿ ಅಂದ್ಲು? ನಾನೂ ಒಳಗ ಕೇಳಾಕತ್ತಿದ್ನಿ. ನನಗ ವಯಸ್ಸಾಗೈತಿ, ಕಣ್ಣು ಕಾಣಂಗಿಲ್ಲ, ನಾ ಏನೂ ನೋಡಿಲ್ಲ ಅಂದ್ಲು. ಸುಳ್ಳು ಹೇಳಿ ಗೆಳತಿ ಮಗನ್ನ ಉಳಿಸಿದ್ಲು. ಅದಕ್ಕ ಆ ಗೆಳತಿ ಬಂದು ಬಾಜೂಕ ಕುಂತು ಮೀನ ತಿಂದ್ಲು. ನಮ್ಮ ಅತ್ತಿ ನಿನಗ ಬ್ಯಾರೇನ ಹೇಳಿದ್ಲು.’ ಕೊಡ ತುಂಬಿ ಚೆಲ್ಲಿತು. ಖುಷ್ಬು ಅದನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ಹೋದಳು.

ಕರಿಯವ್ವ ನಳದ ಕಟ್ಟೆ ಹಿಡಿದು ನಿಂತಳು. ಕಣ್ಣು ಕಾಣುವುದಿಲ್ಲ. ಅದೇ ಮಾತು. ಆ ಮುದುಕಿಗೂ ಅದೇ ಮಾತೇ ಹೊಳೆದಿತ್ತು. ಹಾಗಿದ್ದರೆ ಆ ಮಧ್ಯಾಹ್ನ ಹಸನಬೀ ದಾರದ ತುದಿ ನಾಲಿಗೆಗೆ ಹಿಡಿದು ಸುಮ್ಮನೆ ಕೂತದ್ದು, ಆಮೇಲೆ ಏನಂತಾಳಂದ್ರ ಎಂದು ಎಳೆದದ್ದು... ಆ ಒಂದು ಉಸಿರಿನ ಹೊತ್ತಿನಲ್ಲಿ ಅವಳು ಕತೆಯನ್ನು ತಿರುಗಿಸಿದ್ದಳು. ತನ್ನ ಮಗನನ್ನು ಅದರೊಳಗೆ ಇಟ್ಟು ತಿರುಗಿಸಿದ್ದಳು. ತಾಯಿಯ ನಾಲಿಗೆ ಹೊರಳದ್ದನ್ನು ಟೀವಿಯ ಮುದುಕಿಯ ಬಾಯಿಂದ ಹೇಳಿಸಿ, ಕರಿಯವ್ವನ ಬಾಯಿಗೆ ದಾಟಿಸಿ, ನೀನು ಹೇಳು, ನಾನು ಬಂದು ಪಕ್ಕದಲ್ಲಿ ಕೂಡುತ್ತೇನೆ ಎಂದು ಮುಂಚೆಯೇ ಮಾತು ಕೊಟ್ಟಿದ್ದಳು. ಮಾತಿನಂತೆ ಬಂದು ಕೂತೂ ಇದ್ದಳು. ಕರಿಯವ್ವ ನೀರು ತುಂಬದ ಕೊಡವನ್ನೇ ಎತ್ತಿಕೊಂಡು ಅರ್ಧ ದಾರಿ ನಡೆದು, ಹಗುರಾದದ್ದು ತಿಳಿದು, ಒಬ್ಬಳೇ ನಕ್ಕಳು, ಕಣ್ಣೊರೆಸಿಕೊಂಡಳು.

ಹಸನಬೀಯನ್ನು ಅವಳು ಏನೂ ಕೇಳಲಿಲ್ಲ. ಬಾಣಂತನಕ್ಕೆ ಮಗಳು ತವರಿಗೆ ಬರುವುದು ರೂಢಿ. ಇಲ್ಲಿ ತಾಯಿಯೇ ಕುಷ್ಟಗಿಗೆ ಹೊರಟಿದ್ದಳು. ಯಾಕೆಂದು ಓಣಿಯಲ್ಲಿ ಯಾರೂ ಕೇಳಲಿಲ್ಲ. ಯಾವಾಗ ಬರುತ್ತೀ ಎಂದೂ ಕೇಳಲಿಲ್ಲ. ಹೊರಡುವ ಹಿಂದಿನ ಮಧ್ಯಾಹ್ನ ಇಬ್ಬರೂ ಟೀವಿ ನೋಡಿದರು. ಹಸನಬೀ ಹೇಳುತ್ತ ಹೋದಳು, ಕರಿಯವ್ವ ಹೂಂಗುಟ್ಟುತ್ತ ಕೇಳಿದಳು. ಅಲ್ಲಿ ನಡೆದದ್ದು ಅದೇ ಹೌದೋ ಅಲ್ಲವೋ ಎಂಬುದು ಅವಳಿಗೆ ಬೇಕಿರಲಿಲ್ಲ. ಕೌದಿಯ ಕೊನೆಯ ಮೂಲೆ ಮುಚ್ಚುವುದು ಉಳಿದಿತ್ತು. ಕೌದಿ ಹಸಿದಿರಬಾರದೆಂದು ಆ ಮೂಲೆಯೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುವುದು ಕರಿಯವ್ವನ ತಾಯಿಯ ಕಾಲದ ಪದ್ಧತಿ. ಅವಳು ರೊಟ್ಟಿಯ ಚೂರಿಟ್ಟಳು. ಹಸನಬೀ ಒಳಗಿನಿಂದ ಒಂದು ಉತ್ತತ್ತಿ ತಂದು ಅದರ ಪಕ್ಕದಲ್ಲಿಟ್ಟಳು. ಮೂಲೆ ಸ್ವಲ್ಪ ಉಬ್ಬಿತು. ಇರಲಿ ಬಿಡು, ಕೂಸಿಗೆ ತಲೆದಿಂಬಾಗುತ್ತದೆ ಎಂದು ಇಬ್ಬರೂ ನಕ್ಕರು. ಆಮೇಲೆ ಹಸನಬೀ ಪೇಟೆಯಿಂದ ತರಿಸಿದ್ದ ಹೊಸ ಸೂಜಿಗಳ ಪೊಟ್ಟಣ ಬಿಚ್ಚಿ, ಒಂದೊಂದಕ್ಕೂ ಉದ್ದುದ್ದ ದಾರ ಪೋಣಿಸಿ, ಅರಿವೆಯ ಉಂಡೆಯೊಂದಕ್ಕೆ ಮುಳ್ಳುಹಂದಿಯ ಹಾಗೆ ಸುತ್ತಲೂ ಚುಚ್ಚಿ ಕರಿಯವ್ವನ ಕೈಗೆ ಕೊಟ್ಟಳು. ‘ಸಾವಕಾಶ ಹೊಲಿಯಕ್ಕ. ತೀರೂತನಕ ಹೊಲಿ,’ ಎಂದಳು.

ಈಗ ಮಧ್ಯಾಹ್ನ ಕರಿಯವ್ವ ಮಾರೆಮ್ಮನ ಮನೆಗೆ ಹೋಗುತ್ತಾಳೆ. ಪಟ್ಟಿ ಕಟ್ಟಿದ ಕಾಲು ಚಾಚಿಕೊಂಡು ಮಾರೆಮ್ಮ ಮಂಚದ ಮೇಲೆ, ಕರಿಯವ್ವ ಹೊಸ್ತಿಲಲ್ಲಿ. ಟೀವಿಯಲ್ಲಿ ಆ ಧಾರಾವಾಹಿಯನ್ನು ಮತ್ತೆ ಮೊದಲಿನಿಂದ ತೋರಿಸುತ್ತಿದ್ದಾರೆ. ಇಬ್ಬರಿಗೂ ಹಿಂದಿ ಬಾರದು. ಕರಿಯವ್ವ ಹೇಳುತ್ತ ಹೋಗುತ್ತಾಳೆ, ಹಸನಬೀ ಹೇಳಿದ ಹಾಗೆ, ನೆನಪಿದ್ದಷ್ಟು ನೆನಪಿನಿಂದ, ಉಳಿದದ್ದು ಮುಖಗಳನ್ನು ನೋಡಿ. ಮೀನು ಕರಿಯುವ ಮುದುಕಿ ಅವಳ ಕತೆಯಲ್ಲಿಯೂ ಸೌಟು ಕೆಳಗಿಟ್ಟು ‘ನಾ ನೋಡೀನಿ’ ಎನ್ನುತ್ತಾಳೆ. ಹಾಗೆ ಹೇಳುವಾಗ ಕರಿಯವ್ವನ ದನಿ ತಡವರಿಸುವುದಿಲ್ಲ. ಇವತ್ತು ಮಾರೆಮ್ಮ ಸಮುದ್ರ ನೋಡುತ್ತ, ಬಿಳಿ ಟೊಪ್ಪಿಗೆಯ ಹೆಂಗಸನ್ನು ಬೆರಳು ಮಾಡಿ ತೋರಿಸಿದಳು.

‘ಮೀನ ತಿಂದು ಮುಂದ ಏನಾದ್ಲವ್ವ ಆ ಗೆಳತಿ? ಅಲ್ಲೇ ಅದಾಳೇನು?’

‘ಇಲ್ಲವ್ವ,’ ಎಂದಳು ಕರಿಯವ್ವ, ದಾರವಿದ್ದ ಸೂಜಿಯೊಂದನ್ನು ಉಂಡೆಯಿಂದ ಕಿತ್ತುಕೊಳ್ಳುತ್ತ. ‘ಕುಷ್ಟಗಿಗೆ ಹೋದ್ಲು, ಮಗಳ ಮನಿಗೆ. ಸೋಮವಾರ ಹೋದ್ಲು.’